ಬಾಂಟುಲನಿಗೆ ಅಂಕ ಕೊಡುವವರು ಯಾರು?

ಅಮೆರಿಕದ ಫ್ಲಾರಿಡಾ ರಾಜ್ಯದ ಸಾರಸೋಟಾದಲ್ಲಿ ಕಾಮಿಕ್ಸ್ ಪುಸ್ತಕಗಳಿಗೆ ಅಂಕ ಕೊಡುವ ಸಂಸ್ಥೆಯೊಂದಿದೆ. ಅದರ ಹೆಸರು ಸರ್ಟಿಫೈಡ್ ಗ್ಯಾರಂಟಿ ಕಂಪನಿ. ಸಂಗ್ರಾಹಕರ ಬಾಯಲ್ಲಿ ಬರೀ ಸಿಜಿಸಿ. 2000ನೇ ಇಸವಿಯಲ್ಲಿ ಶುರುವಾದ ಈ ಸಂಸ್ಥೆಗೆ ಪುಸ್ತಕ ಕಳಿಸಿದರೆ ಅಲ್ಲಿನ ಪರಿಣತರು ಪುಟ ಎಣಿಸುತ್ತಾರೆ, ಪಿನ್ನಿನ ತುಕ್ಕು ನೋಡುತ್ತಾರೆ, ಬೆನ್ನಿನ ಮೇಲಿನ ಮಡಿಕೆ ನೋಡುತ್ತಾರೆ, ಯಾರಾದರೂ ಹರಿದ ಜಾಗಕ್ಕೆ ತೇಪೆ ಹಾಕಿದ್ದಾರೆಯೇ, ಮಾಸಿದ ಕಡೆ ಬಣ್ಣ ತುಂಬಿದ್ದಾರೆಯೇ ಎಂದು ಪರೀಕ್ಷಿಸುತ್ತಾರೆ. ಆಮೇಲೆ 0.5ರಿಂದ 10.0ರವರೆಗೆ ಇರುವ 25 ದರ್ಜೆಗಳಲ್ಲಿ ಒಂದನ್ನು ಕೊಟ್ಟು, ಪುಸ್ತಕವನ್ನು ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ವಾಪಸು ಕಳಿಸುತ್ತಾರೆ. ಈ ಡಬ್ಬಿಗೆ ಸ್ಲ್ಯಾಬ್ ಎನ್ನುತ್ತಾರೆ. ಮೇಲೆ ಲೇಬಲ್ ಇರುತ್ತದೆ. ನೀಲಿ ಲೇಬಲ್ ಆದರೆ ಪುಸ್ತಕ ಇದ್ದ ಹಾಗೇ ಇದೆ ಎಂದರ್ಥ, ನೇರಳೆ ಆದರೆ ರಿಪೇರಿ ಆಗಿದೆ ಎಂದರ್ಥ.

ಈ ಲೇಬಲ್ಲಿಗೆ ಎಷ್ಟು ಬೆಲೆ ಎಂಬುದನ್ನು ಹರಾಜುಗಳೇ ಹೇಳುತ್ತವೆ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ 9.0 ದರ್ಜೆಯ ಪ್ರತಿ 2014ರಲ್ಲಿ 32 ಲಕ್ಷ ಡಾಲರಿಗೆ ಮಾರಾಟವಾಯಿತು. ಹತ್ತು ವರ್ಷದ ನಂತರ, 2024ರಲ್ಲಿ, ಅದೇ ಸಂಚಿಕೆಯ 8.5 ದರ್ಜೆಯ ಪ್ರತಿಗೆ 60 ಲಕ್ಷ ಡಾಲರ್ ಬಂತು. ಹುಟ್ಟಿದಾಗ ಅದರ ಬೆಲೆ 10 ಸೆಂಟ್. ಇಂಥ ಸುದ್ದಿ ಬಂದಾಗಲೆಲ್ಲ ಭಾರತದ ಊರೂರುಗಳಲ್ಲಿ ಯಾರೋ ಒಬ್ಬರು ಮಂಚದ ಕೆಳಗಿನ ಟ್ರಂಕು ಎಳೆಯುತ್ತಾರೆ. ತಮ್ಮ ಇಂದ್ರಜಾಲ, ಅಮರ ಚಿತ್ರಕಥೆಗಳನ್ನೂ ಹೀಗೆ ಅಂಕ ಹಾಕಿಸಿ ಡಬ್ಬಿಯಲ್ಲಿಡಬೇಕೇ ಎಂದು ಕೇಳಿಕೊಳ್ಳುತ್ತಾರೆ.

ಈ ಪ್ರಶ್ನೆಯನ್ನು ಅಮೆರಿಕದಲ್ಲಿ ನಿಂತು ಕೇಳಿದರೆ ಬರುವ ಉತ್ತರ ಬೇರೆ, ಕೋಲ್ಕತ್ತಾದ ದಕ್ಷಿಣ ತುದಿಯ ಟಾಲಿಗಂಜ್‌ನಲ್ಲಿ ನಿಂತು ಕೇಳಿದರೆ ಬರುವ ಉತ್ತರ ಬೇರೆ. ಟಾಲಿಗಂಜ್‌ನ ಉತ್ತರವೇ ಬೆಂಗಳೂರಿಗೂ ಧಾರವಾಡಕ್ಕೂ ಮಂಗಳೂರಿಗೂ ಹೆಚ್ಚು ಹತ್ತಿರ. ಅಂಕ ಹಾಕಿಸುವುದು ಕೆಲವೇ ಕೆಲವು ಪುಸ್ತಕಗಳಿಗೆ ಲಾಭ. ಉಳಿದವಕ್ಕೆ ಅದು ದುಂದು. ಬಂಗಾಳಿ, ಕನ್ನಡದಂಥ ಭಾಷೆಗಳ ಕಾಮಿಕ್ಸ್‌ಗಂತೂ ನಷ್ಟವೂ ಆಗಬಹುದು.

ಮೊದಲು ಗ್ರೇಡಿಂಗ್ ಪರವಾಗಿ ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಬೇಕು. ಅದು ಸುಮ್ಮನೆ ಹುಟ್ಟಿದ ಶೋಕಿಯಲ್ಲ. ಅಮೆರಿಕದಲ್ಲಿ ಹಳೆಯ ಕಾಮಿಕ್ಸ್‌ಗಳ ಬೆಲೆ ತಿಳಿಸುವ ಓವರ್‌ಸ್ಟ್ರೀಟ್ ಬೆಲೆಪಟ್ಟಿ 1970ರಿಂದಲೇ ಬರುತ್ತಿತ್ತು. ಒಂದೇ ಸಂಚಿಕೆ ಚೆನ್ನಾಗಿದ್ದರೆ ಇಷ್ಟು, ಸುಮಾರಾಗಿದ್ದರೆ ಇಷ್ಟು ಎಂದು ಅದು ಬರೆದಿಡುತ್ತಿತ್ತು. ಚೆನ್ನಾಗಿದೆ ಎಂದು ಹೇಳುವವನು ಮಾತ್ರ ಮಾರುವವನೇ. ಅಂತರ್ಜಾಲದಲ್ಲಿ ವ್ಯಾಪಾರ ಶುರುವಾದ ಮೇಲೆ ಕೊಳ್ಳುವವನು ಪುಸ್ತಕವನ್ನು ಕೈಯಲ್ಲಿ ಹಿಡಿಯದೆಯೇ ಸಾವಿರಾರು ಡಾಲರ್ ಕೊಡಬೇಕಾಯಿತು. ಫೋಟೋದಲ್ಲಿ ತೇಪೆ ಕಾಣುವುದಿಲ್ಲ, ಕತ್ತರಿಸಿದ ಅಂಚು ಕಾಣುವುದಿಲ್ಲ, ನಡುವೆ ಕಾಣೆಯಾದ ಪುಟವೂ ಕಾಣುವುದಿಲ್ಲ. ಇಬ್ಬರ ನಡುವೆ ಮೂರನೆಯವನೊಬ್ಬ ನಿಂತು, ಯಾರ ಪರವೂ ಅಲ್ಲದೆ ನೋಡಿ ಹೇಳಲಿ ಎಂಬ ಬೇಡಿಕೆಯಿಂದ ಗ್ರೇಡಿಂಗ್ ಬೆಳೆಯಿತು. ಅಂದರೆ ಅದು ಮೂಲತಃ ದೂರದ ವ್ಯಾಪಾರದ ಸಾಧನ. ಪರಿಚಯವಿಲ್ಲದ ಇಬ್ಬರು ದುಬಾರಿ ವಸ್ತುವೊಂದನ್ನು ಕಣ್ಣಿಂದ ನೋಡದೆ ಕೈ ಬದಲಿಸುವಾಗ ಅದರಿಂದ ನಿಜವಾದ ಪ್ರಯೋಜನವಿದೆ.

ಟಾಲಿಗಂಜ್‌ನ ಮನೆಗಳಲ್ಲಿ ಇರುವುದೇನು? ಹೊರಗಿನವರಿಗೆ ಈ ಬಡಾವಣೆ ಎಂದರೆ ಸಿನಿಮಾ ಸ್ಟುಡಿಯೊಗಳು. ಬಂಗಾಳಿ ಚಿತ್ರರಂಗಕ್ಕೆ ಟಾಲಿವುಡ್ ಎಂಬ ಹೆಸರು ಬಂದದ್ದು ಇಲ್ಲಿಂದಲೇ, ಮೆಟ್ರೊ ನಿಲ್ದಾಣಕ್ಕೂ ಈಗ ಮಹಾನಾಯಕ ಉತ್ತಮ್ ಕುಮಾರ್ ಅವರ ಹೆಸರು. ಆದರೆ ಒಳಗಿನ ಗಲ್ಲಿಗಳ ಮಧ್ಯಮ ವರ್ಗದ ಮನೆಗಳಲ್ಲಿ ಎರಡು ಮೂರು ತಲೆಮಾರು ಓದಿದ ಮಕ್ಕಳ ಪತ್ರಿಕೆಗಳ ಕಟ್ಟುಗಳಿವೆ. ಬಂಗಾಳಿ ಕಾಮಿಕ್ಸ್‌ನ ದೊಡ್ಡ ಹೆಸರು ನಾರಾಯಣ್ ದೇಬ್‌ನಾಥ್. ಹೌರಾದ ಶಿಬ್‌ಪುರದಲ್ಲಿ ಬದುಕು ಕಳೆದ ಅವರು 1962ರಲ್ಲಿ ಹಾಂದಾ ಭೋಂದಾ ಎಂಬ ಇಬ್ಬರು ತುಂಟ ಹುಡುಗರನ್ನೂ, 1965ರಲ್ಲಿ ಬಾಂಟುಲ್ ದಿ ಗ್ರೇಟ್ ಎಂಬ ಬನಿಯನ್ ಧರಿಸಿದ ಮಹಾಬಲಶಾಲಿಯನ್ನೂ, 1969ರಲ್ಲಿ ನೊಂಟೆ ಫೊಂಟೆ ಜೋಡಿಯನ್ನೂ ಸೃಷ್ಟಿಸಿದರು. ಮೊದಲೆರಡು ಬಂದದ್ದು ಶುಕ್‌ತಾರಾ ಪತ್ರಿಕೆಯಲ್ಲಿ, ಮೂರನೆಯದು ಕಿಶೋರ್ ಭಾರತಿಯಲ್ಲಿ. ಕಥೆ, ಚಿತ್ರ, ಅಕ್ಷರ ಎಲ್ಲವನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವರೇ ಮಾಡುತ್ತಿದ್ದರು. 2021ರಲ್ಲಿ ಪದ್ಮಶ್ರೀ ಘೋಷಣೆಯಾಯಿತು, 2022ರ ಜನವರಿ 18ರಂದು ತೀರಿಕೊಂಡರು. ಇವರ ಜೊತೆಗೆ ಆನಂದಮೇಳಾ ಪತ್ರಿಕೆಯಲ್ಲಿ ಬಂಗಾಳಿ ಮಾತಾಡಿದ ಟಿನ್‌ಟಿನ್, ಬಂಗಾಳಿ ಇಂದ್ರಜಾಲದ ಫ್ಯಾಂಟಮ್ ಮತ್ತು ಮ್ಯಾಂಡ್ರೇಕ್ ಸೇರಿದರೆ ಅಲ್ಲಿನ ಸಾಮಾನ್ಯ ಸಂಗ್ರಹ ಹೇಗಿರುತ್ತದೆ ಎಂಬುದು ಗೊತ್ತಾಗುತ್ತದೆ.

ಇಲ್ಲಿಯೇ ಮೊದಲ ತೊಡಕು. ಬಾಂಟುಲ್ ಮೊದಲು ಕಾಣಿಸಿಕೊಂಡದ್ದು ಬಿಡಿ ಕಾಮಿಕ್ಸ್ ಪುಸ್ತಕದಲ್ಲಲ್ಲ, ಕಥೆ ಕವಿತೆಗಳ ನಡುವೆ ಒಂದೆರಡು ಪುಟವಾಗಿ, ಮಾಸಪತ್ರಿಕೆಯೊಳಗೆ. ಕನ್ನಡದಲ್ಲೂ ಹಾಗೇ. ಬಾಲಮಂಗಳದ ಡಿಂಗನನ್ನು ಓದಿ ಬೆಳೆದವರು ಹುಡುಕಬೇಕಾದದ್ದು ಬಾಲಮಂಗಳದ ಹಳೆಯ ಸಂಚಿಕೆಗಳನ್ನೇ. ಮಕ್ಕಳ ಪತ್ರಿಕೆಯನ್ನು ಯಾರೂ ಹೊಸತಾಗಿ ಎತ್ತಿಡಲಿಲ್ಲ. ಅಣ್ಣ ಓದಿದ್ದನ್ನು ತಂಗಿ ಓದಿದಳು, ಪಕ್ಕದ ಮನೆಗೆ ಹೋಯಿತು, ಪದಬಂಧ ತುಂಬಲಾಯಿತು, ಬಾಂಟುಲನಿಗೆ ಬಾಲ್‌ಪೆನ್ನಿನಲ್ಲಿ ಮೀಸೆ ಬಂತು. ವರ್ಷದ ಕೊನೆಗೆ ಅಪ್ಪ ಹನ್ನೆರಡು ಸಂಚಿಕೆಗಳನ್ನು ಬೈಂಡರನ ಬಳಿ ಒಯ್ದರು. ಆತ ಪಿನ್ನು ಕಿತ್ತು, ಬೆನ್ನಿಗೆ ದಾರ ಹೊಲಿದು, ಸರೇಸು ಬಳಿದು, ಮೂರು ಕಡೆ ಅಂಚು ಸವರಿ, ರಟ್ಟು ಹಾಕಿ, ಮೇಲೆ ವರ್ಷ ಬರೆದುಕೊಟ್ಟ.

ಭಾರತದಲ್ಲಿ ಪುಸ್ತಕವನ್ನು ಪ್ರೀತಿಸುವ ರೀತಿಯೇ ಇದು. ಇಂದ್ರಜಾಲವಾಗಲಿ, ಚಂದಮಾಮವಾಗಲಿ, ಶುಕ್‌ತಾರಾ ಆಗಲಿ, ಇಂದಿಗೂ ಉಳಿದಿರುವ ಹಳೆಯ ಸಂಚಿಕೆಗಳಲ್ಲಿ ಬಹಳಷ್ಟು ಉಳಿದಿರುವುದು ಬೈಂಡ್ ಆದದ್ದರಿಂದಲೇ. ರಟ್ಟಿಲ್ಲದ ಬಿಡಿ ಪ್ರತಿಗಳು ಎಂದೋ ರದ್ದಿಗೆ ಹೋದವು. ಆದರೆ ಅಮೆರಿಕದ ಅಳತೆಗೋಲಿನಲ್ಲಿ ಅಂಚು ಸವರಿದ್ದು ದೊಡ್ಡ ದೋಷ, ಪಿನ್ನು ಕಿತ್ತದ್ದು ದೋಷ, ಹೊಲಿಗೆಯ ತೂತು ದೋಷ, ಸರೇಸು ದೋಷ, ಹೆಸರು ಬರೆದದ್ದೂ ದೋಷ. ಪುಸ್ತಕವನ್ನು ಉಳಿಸಿದ ಕೆಲಸವೇ ಅದರ ಅಂಕ ಕಳೆಯುತ್ತದೆ. ಅಳತೆಗೋಲು ತಪ್ಪು ಎಂದು ಇದರ ಅರ್ಥವಲ್ಲ. ಅದು ಅಂಗಡಿಯಿಂದ ತಂದ ದಿನದ ಸ್ಥಿತಿಗೆ ಪುಸ್ತಕ ಎಷ್ಟು ಹತ್ತಿರವಿದೆ ಎಂದು ಮಾತ್ರ ಅಳೆಯುತ್ತದೆ. ಟಾಲಿಗಂಜ್‌ನ ಬೈಂಡ್ ಸಂಪುಟಕ್ಕೆ ಕೇಳಬೇಕಾದ ಪ್ರಶ್ನೆಗಳು ಬೇರೆ: ಹನ್ನೆರಡೂ ಸಂಚಿಕೆ ಇವೆಯೇ, ಪುಟಗಳು ಪೂರ್ತಿ ಇವೆಯೇ, ಅಂಚು ಸವರುವಾಗ ಚಿತ್ರ ಕತ್ತರಿಸಿದೆಯೇ, ಹೊದಿಕೆ ಪುಟವನ್ನು ಉಳಿಸಿಕೊಂಡಿದ್ದಾರೆಯೇ? ಈ ಪ್ರಶ್ನೆಗಳಿಗೆ 1.5 ಎಂಬ ಅಂಕ ಉತ್ತರವಾಗದು.

ಎರಡನೆಯದು ದುಡ್ಡಿನ ಲೆಕ್ಕ. ಗ್ರೇಡಿಂಗ್ ಶುಲ್ಕ ಪುಸ್ತಕದ ವಯಸ್ಸು ಮತ್ತು ಬೆಲೆಯ ಮೇಲೆ ಏರುತ್ತಾ ಹೋಗುತ್ತದೆ, ಬಹಳ ದುಬಾರಿ ಪುಸ್ತಕಗಳಿಗೆ ಬೆಲೆಯ ಶೇಕಡಾ ಲೆಕ್ಕದಲ್ಲೇ ತೆಗೆದುಕೊಳ್ಳುತ್ತಾರೆ. ಉದಾಹರಣೆಗೆ ಹತ್ತು ಪುಸ್ತಕ ಒಟ್ಟಿಗೆ ಕಳಿಸಲಾಯಿತು, ಒಂದಕ್ಕೆ ಶುಲ್ಕ 2,500 ರೂಪಾಯಿ, ಹೋಗಿ ಬರುವ ಕೊರಿಯರ್ ಮತ್ತು ವಿಮೆ ಸೇರಿ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಒಟ್ಟು 40,000 ರೂಪಾಯಿ, ಅಂದರೆ ಪುಸ್ತಕವೊಂದಕ್ಕೆ 4,000. ಡಬ್ಬಿಯಿಲ್ಲದೆ 2,000ಕ್ಕೆ ಹೋಗುವ ಪ್ರತಿ ಡಬ್ಬಿಯೊಳಗೆ 6,000ಕ್ಕೆ ಹೋದರೆ ಖರ್ಚಿಗೆ ಖರ್ಚು ಸರಿಹೋಯಿತು ಅಷ್ಟೇ, ಕೈಗೆ ಒಂದು ರೂಪಾಯಿಯೂ ಉಳಿಯಲಿಲ್ಲ. ತಿಂಗಳುಗಟ್ಟಲೆ ಕಾಯುವುದು ಮತ್ತು ದಾರಿಯಲ್ಲಿ ಕಳೆದುಹೋಗುವ ಭಯ ಬೇರೆ.

ಬೆಲೆ ಮೂರು ಪಟ್ಟು ಆಗಬೇಕಾದರೆ ಮಾರುಕಟ್ಟೆ ಅಂಕದ ಭಾಷೆಯಲ್ಲಿ ಮಾತಾಡಬೇಕು. ಅಮೆರಿಕದಲ್ಲಿ ಇಂಥ ಸಂಚಿಕೆಯ 9.6 ಪ್ರತಿ ಕಳೆದ ತಿಂಗಳು ಇಷ್ಟಕ್ಕೆ ಹೋಯಿತು, 9.8 ಪ್ರತಿ ಇಷ್ಟಕ್ಕೆ ಹೋಯಿತು ಎಂಬ ದಾಖಲೆ ಇದೆ, ಅಂಕ ಆ ದಾಖಲೆಯೊಂದಿಗೆ ಸೇರಿ ಬೆಲೆಯಾಗುತ್ತದೆ. ಬಂಗಾಳಿ ಶುಕ್‌ತಾರಾಕ್ಕಾಗಲಿ ಕನ್ನಡ ಇಂದ್ರಜಾಲಕ್ಕಾಗಲಿ ದರ್ಜೆವಾರು ಬೆಲೆಯ ಅಂಥ ಪಟ್ಟಿ ಇಲ್ಲ. ಗೋಲ್‌ಪಾರ್ಕ್‌ನ ಫುಟ್‌ಪಾತಿನಲ್ಲೋ ಕಾಲೇಜ್ ಸ್ಟ್ರೀಟಿನಲ್ಲೋ ಹಳೆಯ ಪುಸ್ತಕದ ಅಂಗಡಿಯವನನ್ನು ದಾದಾ ಎಂದು ಕರೆದು ಬೆಲೆ ಕೇಳುವ ಗಿರಾಕಿ ಪುಟ ತಿರುವಿ ನೋಡುತ್ತಾನೆ, ಮೂಸುತ್ತಾನೆ, ಚೌಕಾಸಿ ಮಾಡುತ್ತಾನೆ. ಆತನಿಗೆ ಬೇಕಾದದ್ದು ತನ್ನ ಕಟ್ಟಿನಲ್ಲಿ ಇಲ್ಲದ ಆ ಒಂದು ತಿಂಗಳ ಸಂಚಿಕೆ. ಅದರ ಬೆಲೆ ನಿಗದಿಯಾಗುವುದು ಅದು ಎಷ್ಟು ಅಪರೂಪ, ಆತನಿಗೆ ಎಷ್ಟು ಅಗತ್ಯ ಎಂಬುದರ ಮೇಲೆ. 4.0 ಮತ್ತು 4.5ರ ನಡುವಿನ ವ್ಯತ್ಯಾಸಕ್ಕೆ ಆತ ಐವತ್ತು ರೂಪಾಯಿಯನ್ನೂ ಹೆಚ್ಚು ಕೊಡಲಾರ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಗ್ರೇಡಿಂಗ್ ಸ್ಥಿತಿಯನ್ನು ಅಳೆಯುತ್ತದೆ. ಭಾರತೀಯ ಕಾಮಿಕ್ಸ್‌ನಲ್ಲಿ ಮೊದಲು ಬೇಕಾದ ಅಳತೆ ಗುರುತಿನದು. ಅಂದರೆ, ಇದು ಯಾವ ಮುದ್ರಣ? ಅಮರ ಚಿತ್ರಕಥೆಯ ಜನಪ್ರಿಯ ಸಂಚಿಕೆಗಳು ದಶಕಗಳ ಕಾಲ ಮರುಮುದ್ರಣ ಕಂಡಿವೆ. ಹೊದಿಕೆಯ ಚಿತ್ರ ಅದೇ, ಒಳಗಿನ ಕಥೆ ಅದೇ. ಮೊದಲ ಮುದ್ರಣ ಯಾವುದು, ಹತ್ತನೆಯದು ಯಾವುದು ಎಂದು ತಿಳಿಯಲು ಹೊದಿಕೆಯ ಮೇಲಿನ ಬೆಲೆ, ಹಿಂಬದಿಯ ಜಾಹೀರಾತು, ಪ್ರಕಾಶಕರ ವಿಳಾಸ, ಪಟ್ಟಿಯಲ್ಲಿ ಕೊನೆಗೆ ಬಂದ ಶೀರ್ಷಿಕೆ ಇವುಗಳನ್ನು ಕೂಡಿಸಿ ನೋಡಬೇಕು. ಇದಕ್ಕೆ ಭೂತಗನ್ನಡಿಗಿಂತ ಭಾಷೆ ಬೇಕು, ನೆನಪು ಬೇಕು.

ಕನ್ನಡ ಓದುಗರಿಗೆ ಇದರ ಉದಾಹರಣೆ ಮನೆಯಲ್ಲೇ ಇದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಇಂಗ್ಲಿಷಿನಲ್ಲಿ ಬಂದ ಅಮರ ಚಿತ್ರಕಥೆಯ ಕೃಷ್ಣ ಸಂಚಿಕೆಯ ಕ್ರಮಸಂಖ್ಯೆ 11. ಹಾಗಾದರೆ ಮೊದಲ ಹತ್ತು ಎಲ್ಲಿ ಹೋದವು? ಅವು ಬಂದದ್ದು ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ 1965ರಲ್ಲಿ ಸಿಂಡರೆಲಾದಂಥ ಪಾಶ್ಚಾತ್ಯ ಕಿನ್ನರ ಕಥೆಗಳು ಕನ್ನಡದ ಕಾಮಿಕ್ಸ್ ಆಗಿ ಬಂದವು. ದೇಶದ ಅತಿ ಪ್ರಸಿದ್ಧ ಕಾಮಿಕ್ಸ್ ಮಾಲೆಯ ಮೊದಲ ಸಂಖ್ಯೆಗಳು ಕನ್ನಡದವು ಎಂಬುದು ಕನ್ನಡಿಗರಲ್ಲೇ ಎಲ್ಲರಿಗೂ ಗೊತ್ತಿಲ್ಲ. ಅಂಥ ಒಂದು ಪ್ರತಿ ಶಿವಮೊಗ್ಗದ ಯಾವುದೋ ಅಟ್ಟದಲ್ಲಿ ಸಿಕ್ಕಿತು ಎನ್ನಿ. ಹೊದಿಕೆ ಅರ್ಧ ಹರಿದಿದೆ, ಪಿನ್ನು ತುಕ್ಕು ಹಿಡಿದಿದೆ. ಸಾರಸೋಟಾದಲ್ಲಿ ಅದಕ್ಕೆ ಸಿಗುವುದು ಒಂದೋ ಒಂದೂವರೆಯೋ ಅಂಕ. ಆ ಪ್ರತಿಯ ಮಹತ್ವವನ್ನು ಹೇಳಬಲ್ಲವರು ಅದರ ಅಕ್ಷರ ಓದಬಲ್ಲವರು ಮಾತ್ರ. ಅಂಕ ನೋಡಿ ಮನೆಯವರು ಅದನ್ನು ಎಸೆದರೆ ಕಳೆದುಹೋಗುವುದು ಒಂದೂವರೆ ಅಂಕದ ವಸ್ತುವಲ್ಲ.

ನಾಲ್ಕನೆಯದು ಹವೆ. ಇಂದ್ರಜಾಲ, ಶುಕ್‌ತಾರಾಗಳು ಅಚ್ಚಾದದ್ದು ಅಗ್ಗದ ಕಾಗದದ ಮೇಲೆ. ಅದರಲ್ಲಿ ಮರದ ತಿರುಳಿನ ಲಿಗ್ನಿನ್ ಹಾಗೇ ಉಳಿದಿರುತ್ತದೆ. ಗಾಳಿ ಬೆಳಕು ತಾಗಿ ಅದು ಹಳದಿಯಾಗುತ್ತದೆ, ಆಮ್ಲ ಬಿಡುತ್ತದೆ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ಕಾಗದಕ್ಕೆ ಶೇ. 35ರಿಂದ 50ರಷ್ಟು ತೇವಾಂಶ ಹಿತ. ಕೋಲ್ಕತ್ತಾದ ಮಳೆಗಾಲದಲ್ಲಿ ಅದು ಶೇ. 80 ದಾಟುತ್ತದೆ. ಟಾಲಿ ನಾಲೆ ಉಕ್ಕಿದಾಗ ಅಕ್ಕಪಕ್ಕದ ಗಲ್ಲಿಗಳ ನೆಲಮಹಡಿಗಳಿಗೆ ನೀರು ನುಗ್ಗುವುದೂ ಉಂಟು. 2020ರ ಮೇ 20ರಂದು ಅಂಫಾನ್ ಚಂಡಮಾರುತ ಬಂದಾಗ ಕಾಲೇಜ್ ಸ್ಟ್ರೀಟಿನ ರಸ್ತೆಯಲ್ಲಿ ಪುಸ್ತಕಗಳು ತೇಲಿದ್ದನ್ನು ದೇಶವೇ ನೋಡಿತು. ಸ್ಲ್ಯಾಬ್ ಇದರಿಂದ ಕಾಪಾಡುವುದಿಲ್ಲವೇ? ಮಡಿಕೆ ಬೀಳದಂತೆ, ಬೆರಳಿನ ಜಿಡ್ಡು ತಾಗದಂತೆ ಕಾಪಾಡುತ್ತದೆ. ಆದರೆ ಅದು ಗಾಳಿಯಾಡದ ಡಬ್ಬಿಯಲ್ಲ. ಹೊರಗಿನ ತೇವ ನಿಧಾನವಾಗಿಯಾದರೂ ಒಳಗೆ ಹೋಗುತ್ತದೆ, ಕಾಗದದೊಳಗಿನ ಆಮ್ಲ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಬಿಡಿ ಪುಸ್ತಕಕ್ಕೆ ಬೂಷ್ಟು ಹಿಡಿಯಿತೆಂದರೆ ಪುಟ ತೆರೆದು ನೋಡಬಹುದು, ಒಣಗಿಸಬಹುದು. ಡಬ್ಬಿಯ ಒಳಪುಟಗಳಲ್ಲಿ ಏನಾಗುತ್ತಿದೆ ಎಂದು ನೋಡಬೇಕಾದರೆ ಡಬ್ಬಿ ಒಡೆಯಬೇಕು. ಒಡೆದರೆ ಕೊಟ್ಟ ದುಡ್ಡು ನೀರುಪಾಲು.

ಇಲ್ಲಿಂದಲೇ ಐದನೆಯ ಮಾತೂ ಹೊರಡುತ್ತದೆ. ಸ್ಲ್ಯಾಬ್ ಆದ ಪುಸ್ತಕವನ್ನು ಯಾರೂ ಓದಲಾರರು. ಸೂಪರ್‌ಮ್ಯಾನ್ ವಿಷಯದಲ್ಲಿ ಇದು ತೊಂದರೆಯಲ್ಲ. ಅವನ ಮೊದಲ ಕಥೆ ಎಷ್ಟೋ ಸಲ ಮರುಮುದ್ರಣವಾಗಿದೆ, ಒಂದು ಪ್ರತಿ ಮುಚ್ಚಿಟ್ಟರೆ ಕಥೆ ಕಾಣೆಯಾಗುವುದಿಲ್ಲ. ನಾರಾಯಣ್ ದೇಬ್‌ನಾಥರ ಮುಖ್ಯ ಪಾತ್ರಗಳೂ ಸಂಪುಟಗಳಾಗಿ ಬಂದಿವೆ. ಆದರೆ ಅದೇ ಶುಕ್‌ತಾರಾ ಸಂಚಿಕೆಯ ಉಳಿದ ಪುಟಗಳು, ಆ ಜಾಹೀರಾತು, ಆ ಓದುಗರ ಪತ್ರ, ಹೆಸರಿಲ್ಲದ ಕಲಾವಿದನ ಆ ಒಂದು ಪುಟದ ಹಾಸ್ಯ? ಕನ್ನಡದ ಮಕ್ಕಳ ಪತ್ರಿಕೆಗಳ ಚಿತ್ರಕಥೆಗಳಲ್ಲಿ ಬಹುಪಾಲು ಪುಸ್ತಕವಾಗಿ ಮತ್ತೆ ಬರಲೇ ಇಲ್ಲ. ಗ್ರಂಥಾಲಯಗಳು ಕಾಮಿಕ್ಸನ್ನು ಸಾಹಿತ್ಯವೆಂದು ಎಣಿಸಿದ್ದು ಕಡಿಮೆ. ಟಾಲಿಗಂಜ್‌ಗೆ ಕೆಲವೇ ಕಿಲೋಮೀಟರ್ ದೂರದ ಆಲಿಪುರದಲ್ಲಿ ರಾಷ್ಟ್ರೀಯ ಗ್ರಂಥಾಲಯವಿದೆ. 1954ರ ಕಾಯ್ದೆಯ ಪ್ರಕಾರ ದೇಶದ ಪ್ರಕಾಶಕರು ತಮ್ಮ ಪುಸ್ತಕದ ಪ್ರತಿಯೊಂದನ್ನು ಅಲ್ಲಿಗೆ ಕಳಿಸಬೇಕು. ಕಾಯ್ದೆ ಇದ್ದ ಮಾತ್ರಕ್ಕೆ ಅರವತ್ತು ಪೈಸೆಯ ಕಾಮಿಕ್ಸ್‌ಗಳೆಲ್ಲ ಅಲ್ಲಿಗೆ ತಲುಪಿ, ಜೋಪಾನವಾಗಿ ಉಳಿದಿವೆ ಎಂದು ನಂಬಿ ಕೂರುವಂತಿಲ್ಲ. ಹೀಗಿರುವಾಗ ಖಾಸಗಿ ಸಂಗ್ರಹದ ಪ್ರತಿಯೇ ಎಷ್ಟೋ ಕಥೆಗಳ ಕೊನೆಯ ಆಧಾರ. ಅದನ್ನು ಸ್ಕ್ಯಾನ್ ಕೂಡ ಮಾಡದೆ ಡಬ್ಬಿಯಲ್ಲಿ ಮುಚ್ಚುವುದೆಂದರೆ ಕಾಗದವನ್ನು ಉಳಿಸಿಕೊಂಡು ಕಥೆಯನ್ನು ಕಳೆದುಕೊಂಡ ಹಾಗೆ.

ಅಂಕವೂ ಕಲ್ಲಿನ ಮೇಲಿನ ಬರಹವಲ್ಲ. ಒಂದೇ ಪುಸ್ತಕವನ್ನು ಡಬ್ಬಿ ಒಡೆದು ಮತ್ತೆ ಕಳಿಸಿ ಹೆಚ್ಚು ಅಂಕ ಪಡೆಯುವುದು ಅಮೆರಿಕದ ಸಂಗ್ರಾಹಕರಲ್ಲಿ ಬಹಿರಂಗ ಗುಟ್ಟು. ಶಾಖ, ತೇವ ಕೊಟ್ಟು ಒತ್ತಿ ಮಡಿಕೆ ತೆಗೆಯುವ ಕೆಲಸವನ್ನು ರಿಪೇರಿ ಎಂದು ಎಣಿಸುವುದಿಲ್ಲ. 2023ರ ಕೊನೆಯ ಹೊತ್ತಿಗಂತೂ ಸಿಜಿಸಿ ಡಬ್ಬಿಗಳನ್ನೇ ಬಿಚ್ಚಿ, ಒಳಗೆ ಕಡಿಮೆ ಗುಣಮಟ್ಟದ ಪ್ರತಿ ಇಟ್ಟು, ಮತ್ತೆ ಮುಚ್ಚಿ ಮಾರಿದ ಮೋಸ ಬಯಲಾಯಿತು. ಸಂಸ್ಥೆ ತನಿಖೆ ಮಾಡಿ ಅನುಮಾನದ ಪ್ರಮಾಣಪತ್ರಗಳ ಪಟ್ಟಿ ಪ್ರಕಟಿಸಬೇಕಾಯಿತು. ಇದರಿಂದ ಗ್ರೇಡಿಂಗ್ ಎಲ್ಲವೂ ಸುಳ್ಳು ಎಂದಾಗುವುದಿಲ್ಲ. ಡಬ್ಬಿಯನ್ನು ನಂಬುವವರೂ ಒಳಗಿನ ಪುಸ್ತಕವನ್ನು ನೋಡಲು ಕಲಿಯಬೇಕು ಎಂದಷ್ಟೇ ಆಗುತ್ತದೆ. ನೋಡಲು ಕಲಿತವರಿಗೆ ಡಬ್ಬಿಯ ಅಗತ್ಯ ಅರ್ಧ ಕಡಿಮೆ.

ಗ್ರೇಡಿಂಗ್ ಪರವಾಗಿ ಇಷ್ಟೆಲ್ಲ ಆದ ಮೇಲೂ ಉಳಿಯುವ ಒಂದು ವಾದವಿದೆ, ಅದನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಅದು ವಾರಸುದಾರರ ಪ್ರಶ್ನೆ. ಸಂಗ್ರಾಹಕ ಬದುಕಿರುವಷ್ಟು ದಿನ ಯಾವ ಸಂಚಿಕೆ ಎಲ್ಲಿದೆ, ಯಾವುದು ಅಪರೂಪ ಎಂಬುದು ಆತನ ತಲೆಯಲ್ಲಿರುತ್ತದೆ. ಆತ ಹೋದ ಮೇಲೆ ಮಗಳು ಪುಣೆಯಲ್ಲೋ ಮಗ ಟೊರಾಂಟೊದಲ್ಲೋ ಇರುತ್ತಾರೆ. ಟಾಲಿಗಂಜ್‌ನ ಹಳೆಯ ಮನೆ ಬಿಲ್ಡರಿಗೆ ಹೋಗುತ್ತದೆ. ಹದಿನೈದು ದಿನದಲ್ಲಿ ಮನೆ ಖಾಲಿ ಮಾಡಬೇಕು. ಆಗ ಬಾಗಿಲಿಗೆ ಬರುವವನು ತಕ್ಕಡಿ ಹಿಡಿದ ರದ್ದಿಯವನು. ಆತನ ತಕ್ಕಡಿಯಲ್ಲಿ 1965ರ ಶುಕ್‌ತಾರಾಕ್ಕೂ ಮೊನ್ನೆಯ ದಿನಪತ್ರಿಕೆಗೂ ಒಂದೇ ದರ. ಗಟ್ಟಿ ಡಬ್ಬಿಯಲ್ಲಿ, ಅಂಕದ ಲೇಬಲ್ಲಿನ ಜೊತೆ ಇರುವ ವಸ್ತುವನ್ನು ಮಾತ್ರ ಯಾರೂ ರದ್ದಿಗೆ ಹಾಕುವುದಿಲ್ಲ. ಏನೂ ಗೊತ್ತಿಲ್ಲದವರಿಗೂ ಇದು ಬೆಲೆಬಾಳುವ ವಸ್ತು ಎಂದು ಡಬ್ಬಿ ಹೇಳುತ್ತದೆ. ಬದುಕಿನ ಐವತ್ತು ವರ್ಷದ ಪ್ರೀತಿ ಕಿಲೋ ಲೆಕ್ಕದಲ್ಲಿ ಹೋಗುವುದನ್ನು ತಪ್ಪಿಸುವ ಶಕ್ತಿ ಅದಕ್ಕಿದೆ.

ಈ ಭಯ ನಿಜವಾದದ್ದು. ಆದರೆ ಅದಕ್ಕೆ ಮದ್ದು ಡಬ್ಬಿಯೇ ಆಗಬೇಕಿಲ್ಲ. ಮನೆಯವರಿಗೆ ಬೇಕಾದದ್ದು ಮಾಹಿತಿ. ಅದು ಒಂದು ನೋಟ್‌ಬುಕ್ಕಿನಲ್ಲೂ ಇರಬಹುದು. ಪತ್ರಿಕೆಯ ಹೆಸರು, ತಿಂಗಳು, ವರ್ಷ, ಪುಟಗಳು ಪೂರ್ತಿ ಇವೆಯೇ, ಬೈಂಡ್ ಆಗಿದೆಯೇ, ಯಾವುದನ್ನು ಎಷ್ಟಕ್ಕೆ ಎಲ್ಲಿ ಕೊಂಡದ್ದು, ಮಾರುವುದಾದರೆ ಯಾರನ್ನು ಕೇಳಬೇಕು, ಕೊಡುವುದಾದರೆ ಯಾವ ಗ್ರಂಥಾಲಯಕ್ಕೆ. ಇಷ್ಟು ಬರೆದು, ಪ್ರತಿ ಹೊದಿಕೆಯ ಫೋಟೋ ತೆಗೆದು, ಆ ನೋಟ್‌ಬುಕ್ ಎಲ್ಲಿದೆ ಎಂದು ಮನೆಯ ಇಬ್ಬರಿಗಾದರೂ ಹೇಳಿಟ್ಟರೆ ನೂರು ಸ್ಲ್ಯಾಬ್‌ಗಳ ಕೆಲಸ ಆಗುತ್ತದೆ. ಖರ್ಚು ನೋಟ್‌ಬುಕ್ಕಿನದು ಮಾತ್ರ. ಬಹಳ ಸಂಗ್ರಾಹಕರು ಇದನ್ನು ಮಾಡುವುದಿಲ್ಲ, ಏಕೆಂದರೆ ಇದು ಬೇಸರದ ಕೆಲಸ ಮತ್ತು ತನ್ನ ಸಾವಿನ ಬಗ್ಗೆ ಯೋಚಿಸಬೇಕಾದ ಕೆಲಸ. ಪಾರ್ಸೆಲ್ ಕಳಿಸುವುದು ಅದಕ್ಕಿಂತ ಸುಲಭ.

ಹಾಗಾದರೆ ಯಾರು ಗ್ರೇಡ್ ಮಾಡಿಸಬೇಕು? ಮೂರು ಶರತ್ತು ಒಟ್ಟಿಗೆ ಪೂರೈಸುವವರು. ಒಂದು, ಪುಸ್ತಕಕ್ಕೆ ದರ್ಜೆವಾರು ಬೆಲೆಯ ದಾಖಲೆ ಇರುವ ಮಾರುಕಟ್ಟೆ ಇರಬೇಕು. ಎರಡು, ಪುಸ್ತಕ ಬೈಂಡ್ ಆಗಿರಬಾರದು, ಅಂಚು ಸವರಿರಬಾರದು. ಮೂರು, ಅದನ್ನು ಮಾರುವ ಉದ್ದೇಶ ಇರಬೇಕು, ಅದೂ ಕೈಯಲ್ಲಿ ಹಿಡಿದು ನೋಡಲಾಗದ ದೂರದ ಗಿರಾಕಿಗೆ. ಫ್ರೀ ಸ್ಕೂಲ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಕೊಂಡ ಅಮೆರಿಕದ ಕಾಮಿಕ್ಸ್ ಯಾರ ಬಳಿಯಾದರೂ ಚೊಕ್ಕಟವಾಗಿ ಉಳಿದಿದ್ದರೆ, ಅದರಲ್ಲಿ ಪ್ರಸಿದ್ಧ ಪಾತ್ರವೊಂದು ಮೊದಲು ಬಂದಿದ್ದರೆ, ಕಳಿಸುವುದೇ ಜಾಣತನ. 1964ರ ಮಾರ್ಚ್‌ನಲ್ಲಿ ಶುರುವಾದ ಇಂದ್ರಜಾಲದ ಮೊದಲ ಸಂಚಿಕೆಗಳ ಬಿಡಿ ಇಂಗ್ಲಿಷ್ ಪ್ರತಿಗಳ ಬಗ್ಗೆಯೂ ಯೋಚಿಸಬಹುದು, ಏಕೆಂದರೆ ಫ್ಯಾಂಟಮ್ ಸಂಗ್ರಾಹಕರು ಆಸ್ಟ್ರೇಲಿಯದಿಂದ ಸ್ವೀಡನ್‌ವರೆಗೆ ಇದ್ದಾರೆ. ಈ ಮೂರರಲ್ಲಿ ಒಂದು ತಪ್ಪಿದರೂ ದುಡ್ಡು ಬೇರೆಡೆ ಹಾಕುವುದು ಒಳ್ಳೆಯದು.

ಎಲ್ಲಿ ಹಾಕಬೇಕು? ಮೊದಲು ಹೊದಿಕೆಗೆ. ಬಳೆ ಅಂಗಡಿಯ ಪ್ಲಾಸ್ಟಿಕ್ ಕವರು ಬೇಡ, ಅದು ಕಾಲ ಕಳೆದಂತೆ ತಾನೂ ಹಳದಿಯಾಗಿ ಕಾಗದಕ್ಕೂ ಅಂಟುತ್ತದೆ. ಪಾಲಿಯೆಸ್ಟರ್ ಹಾಳೆಯ ಕವರು ಮತ್ತು ಆಮ್ಲವಿಲ್ಲದ ರಟ್ಟು ಸಾಕು. ಹೊರಗೋಡೆಗೆ ತಾಗಿದ ಬೀರುವಿನಲ್ಲಿ, ಅಟ್ಟದಲ್ಲಿ, ನೆಲದ ಮೇಲಿನ ಟ್ರಂಕಿನಲ್ಲಿ ಇಡಬಾರದು. ನಡುಗೋಡೆಯ ಬಳಿ, ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ, ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಬದಲಿಸುತ್ತ ಇಡಬೇಕು. ವರ್ಷಕ್ಕೆರಡು ಸಲ ತೆಗೆದು ಪುಟ ತಿರುವಬೇಕು. ಬೈಂಡ್ ಸಂಪುಟವನ್ನು ಬಿಡಿಸಿ ಬಿಡಿ ಸಂಚಿಕೆ ಮಾಡುವ ಆಸೆಗೆ ಬೀಳಬಾರದು.

ಎರಡನೆಯದಾಗಿ, ಭಾರತದ ಸಂಗ್ರಾಹಕರಿಗೆ ಮಾದರಿ ಬೇಕಿದ್ದರೆ ಅಂಕದ ಡಬ್ಬಿಗಿಂತ ಅಂಚೆಚೀಟಿಯವರ ದಾರಿ ಹೆಚ್ಚು ಹೊಂದುತ್ತದೆ. ಅಪರೂಪದ ಅಂಚೆಚೀಟಿಗೆ ಪರಿಣತರ ಸಮಿತಿ ಪ್ರಮಾಣಪತ್ರ ಕೊಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಿಂದ ಇದೆ. ಚೀಟಿ ಅಸಲಿಯೋ ನಕಲಿಯೋ, ಯಾವ ಮುದ್ರಣ, ರಿಪೇರಿ ಆಗಿದೆಯೋ ಇಲ್ಲವೋ ಎಂದು ಫೋಟೋ ಸಮೇತ ಬರೆದುಕೊಡುತ್ತಾರೆ. ಚೀಟಿಯನ್ನು ಬೀಗ ಹಾಕಿ ಇಡುವುದಿಲ್ಲ. ಕೋಲ್ಕತ್ತಾದಲ್ಲಿ ಬಂಗಾಳಿ ಕಾಮಿಕ್ಸ್ ಬಲ್ಲ ನಾಲ್ಕು ಜನ, ಬೆಂಗಳೂರಿನಲ್ಲಿ ಕನ್ನಡ ಕಾಮಿಕ್ಸ್ ಬಲ್ಲ ನಾಲ್ಕು ಜನ ಕೂತು ಇಂಥ ಒಂದು ಪುಟದ ವಿವರಪತ್ರ ಬರೆಯಲು ಶುರುಮಾಡಿದರೆ, ಹತ್ತು ವರ್ಷದಲ್ಲಿ ಯಾವ ಸಂಚಿಕೆ ಎಷ್ಟು ಉಳಿದಿವೆ, ಯಾವ ಮುದ್ರಣದ ಗುರುತು ಯಾವುದು ಎಂಬ ಪಟ್ಟಿ ತಾನಾಗಿ ಬೆಳೆಯುತ್ತದೆ. ಸಿಜಿಸಿ ತಾನು ಅಂಕ ಕೊಟ್ಟ ಪ್ರತಿಗಳ ಲೆಕ್ಕವನ್ನು ಸಾರ್ವಜನಿಕವಾಗಿ ಇಟ್ಟಿದೆ, ಅದು ಆ ಸಂಸ್ಥೆಯ ನಿಜಕ್ಕೂ ಒಳ್ಳೆಯ ಕೆಲಸ. ಆ ಕೆಲಸವನ್ನು ಇಲ್ಲಿ ಶುಲ್ಕವಿಲ್ಲದೆ, ಪುಸ್ತಕವನ್ನು ಸಮುದ್ರ ದಾಟಿಸದೆ ಮಾಡಬಹುದು. ಅಂಥ ಪಟ್ಟಿ ಇದ್ದರೆ ಬೆಲೆಯೂ ಹಿಂದೆಯೇ ಬರುತ್ತದೆ. ಅಮೆರಿಕದಲ್ಲೂ ಬೆಲೆಪಟ್ಟಿ ಮೊದಲು ಬಂತು, ಡಬ್ಬಿ ಬಂದದ್ದು ಮೂವತ್ತು ವರ್ಷದ ನಂತರ. ಇಲ್ಲಿ ಪಟ್ಟಿಯೇ ಇಲ್ಲದೆ ಡಬ್ಬಿಗೆ ಹೋಗುವುದು ಗೋಡೆ ಕಟ್ಟುವ ಮುನ್ನ ಸುಣ್ಣ ತಂದ ಹಾಗೆ.

ಬಾಂಟುಲ್ ಎಂಥವನೆಂದರೆ ಅವನ ಎದೆಗೆ ಬಡಿದ ಗುಂಡು ಚಪ್ಪಟೆಯಾಗಿ ಕೆಳಗೆ ಬೀಳುತ್ತದೆ. ಅವನನ್ನು ಅಚ್ಚು ಹಾಕಿದ ಕಾಗದ ಮಾತ್ರ ಒಂದು ಮಳೆಗಾಲವನ್ನೂ ಸುಮ್ಮನೆ ತಾಳುವುದಿಲ್ಲ. ಅದಕ್ಕೆ ಅಂಕ ಹಾಕಿಸುವ ದುಡ್ಡಿನಲ್ಲಿ ಹತ್ತು ಸಂಚಿಕೆಗಳಿಗೆ ಒಳ್ಳೆಯ ಕವರು ಬರುತ್ತದೆ, ಆಮೇಲೂ ಮಿಕ್ಕರೆ ಒಂದು ದಿನದ ಸ್ಕ್ಯಾನಿಂಗ್ ಆಗುತ್ತದೆ.